ಮೂರೇ ಗಂಟೆ ಅಂದಿದ್ದೆ

"ಮೂರೇ ಗಂಟೆ ಅಮ್ಮ, ಎಷ್ಟು ಸಲ ಬಾಯಿ ಬಡ್ಕೊಳ್ಳೋದು?" ಅಂತ ಫೋನಿನಲ್ಲಿ ರೇಗಿದವಳು ನಾನೇ. ಹತ್ತಕ್ಕೆ ವಿಮಾನ ಹೊರಡುತ್ತೆ, ಒಂದಕ್ಕೆ ಇಳಿಯುತ್ತೆ, ಟಿಕೆಟ್ಟಿನ ಮೇಲೇ ಇದೆ. ಇದೇನು ಬ್ರಹ್ಮವಿದ್ಯೆಯೇ? ಹೊಲಿಗೆ ಮಿಷನ್ನಿನಲ್ಲಿ ಗಿರಾಕಿಯ ಕೋಟು ಅರ್ಧಕ್ಕೆ ನಿಂತಿತ್ತು, ನನಗೆ ತಲೆ ಕೆಟ್ಟಿತ್ತು.

ಅಮ್ಮ ವಿಮಾನ ಹತ್ತುತ್ತಿದ್ದದ್ದು ಅದೇ ಮೊದಲು, ಅದೂ ಊರಿಂದ ಪರದೇಶದಲ್ಲಿರೋ ನಮ್ಮ ಮನೆಗೆ. ಅವಳಿಗೆ ಭಯ ವಿಮಾನ ಬಿದ್ದೀತು ಅಂತಲ್ಲ, ಅದರ ಟಾಯ್ಲೆಟ್ಟಿನದು. ಹಿಂದೆ ನೆಂಟರ ಮನೆಯಲ್ಲಿ ಬಚ್ಚಲ ಚಿಲಕ ಸಿಕ್ಕಿಕೊಂಡು, ಬಾಗಿಲು ಒಡೆದು ಅವಳನ್ನು ಹೊರಗೆ ಕರೆತಂದಿದ್ದರು. ಆಮೇಲೆ ಹೊರಗೆಲ್ಲೂ ಚಿಲಕ ಹಾಕಿದವಳಲ್ಲ.

"ಮೂರು ಗಂಟೆ ಅಂದ್ರೆ ತಡ್ಕೋತೀನಿ ಬಿಡು. ಬೆಳಗ್ಗೆಯಿಂದ ನೀರು ಕುಡಿಯದಿದ್ರೆ ಆಯ್ತು."

"ಹಾಗೇ ಮಾಡು ಮಾರಾಯ್ತಿ," ಅಂದು ಫೋನಿಟ್ಟೆ.

ಅಮ್ಮ ಬರೋ ದಿನ ವಿಮಾನ ನಿಲ್ದಾಣಕ್ಕೆ ಹೋಗುವಾಗ ನಮ್ಮ ಯಜಮಾನರು ಶುರು ಮಾಡಿದರು. ಶಾಲೆಯ ಮೇಷ್ಟ್ರು, ಸುಮ್ಮನಿರೋ ಜಾಯಮಾನವಲ್ಲ. "ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕಣೇ. ಮೂರು ಗಂಟೆಗೆ ಬರೋಕೆ ಅದೇನು ರಾಕೆಟ್ಟಾ?"

"ನಿಮ್ಮ ಪಾಠ ಶಾಲೆಯಲ್ಲಿಟ್ಕೊಳ್ಳಿ. ಟಿಕೆಟ್ ನೋಡಿ."

"ಹತ್ತು ಅನ್ನೋದು ಅಲ್ಲಿನ ಹತ್ತು. ಒಂದು ಅನ್ನೋದು ಇಲ್ಲಿನ ಒಂದು."

ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಮಧ್ಯಾಹ್ನ ಉಂಡು ಫೋನ್ ಮಾಡಿದರೆ ಅವಳು ಸಂಜೆಯ ಟೀ ಕುಡಿಯುತ್ತಿರುತ್ತಾಳೆ. ದಿನಾ ಮಾತಾಡೋ ನನಗೇ ಅದು ಹೊಳೆಯಲಿಲ್ಲ. ಮೂರಲ್ಲ, ಐದೂವರೆ ಗಂಟೆ! ಬಟ್ಟೆಯಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿ ಆದರೆ ಬಿಚ್ಚಿ ಹೊಲಿಯೋವಳು ನಾನು. ಇದನ್ನು ಹೇಗೆ ಬಿಚ್ಚಲಿ? ಅಮ್ಮ ಆಕಾಶದಲ್ಲಿದ್ದಳು, ಫೋನೂ ತಾಗುತ್ತಿರಲಿಲ್ಲ.

ಎಲ್ಲರಿಗಿಂತ ಕೊನೆಗೆ ಬಂದಳು. ಸೊಂಟಕ್ಕೆ ಶಾಲು ಸುತ್ತಿಕೊಂಡಿದ್ದಳು. ಅಳಿಯನನ್ನು ನೋಡಿದ್ದೇ ತಡ, ಕೇಳದಿದ್ದರೂ ಜೋರಾಗಿ, "ಲೋಟದ ನೀರು ಚೆಲ್ಲಿಬಿಡ್ತು ನೋಡಿ, ಪೂರ್ತಿ ಒದ್ದೆ," ಅಂತ ನಕ್ಕಳು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ನೀರು ಮುಟ್ಟಿದ ಬಾಯಿ ಅಲ್ಲ ಅದು.

ನಾನು ಕೈಹಿಡಿದು ಬಾತ್ರೂಮಿಗೆ ಕರೆದುಕೊಂಡು ಹೋದೆ. ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಬಟ್ಟೆ ಬದಲಿಸುತ್ತಾ ಪಿಸುಗುಟ್ಟಿದಳು: "ಮೂರು ಗಂಟೆ ಆಗ್ತಿದ್ದ ಹಾಗೆ ಬ್ಯಾಗ್ ಮಡಿಲಲ್ಲಿಟ್ಕೊಂಡು ತಯಾರಾಗಿ ಕೂತೆ ಕಣೆ. ಬಂತೇನಮ್ಮಾ ಅಂತ ಪಕ್ಕದ ಹುಡುಗೀನ ಕೇಳಿದ್ರೆ, ಇನ್ನೂ ಅಷ್ಟೇ ದೂರ ಇದೆ ಅಜ್ಜಿ ಅಂದ್ಲು. ತಡ್ಕೊಂಡೆ. ಕೊನೇಲಿ ಆಗ್ಲಿಲ್ಲ. ಆ ಹುಡುಗಿ ಎದ್ದು ಬೇರೆ ಕಡೆ ಕೂತ್ಕೊಂಡ್ಲು."

"ತಪ್ಪು ನಂದಮ್ಮ. ಟಿಕೆಟ್ ನೋಡಿ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಹೋಗ್ಲಿ ಬಿಡು. ನಿನಗೆ ಕೆಲಸ ಇತ್ತು," ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾಚಿಕೆಯಿಂದ ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡಲಾಗಲಿಲ್ಲ.

ಕಾರಿನಲ್ಲಿ ಅವಳ ಕೈಗೆ ನೀರಿನ ಬಾಟಲಿ ಕೊಟ್ಟೆ. ಮುಚ್ಚಳ ತೆಗೆದವಳು ಹಾಗೇ ಹಿಡಿದುಕೊಂಡು ಕೇಳಿದಳು, "ಮನೆಗೆ ಎಷ್ಟು ಹೊತ್ತು?"

"ಅರ್ಧ ಗಂಟೆ ಅಮ್ಮ. ಕುಡಿ."

ತಲೆಯಾಡಿಸಿದಳು. ಬಾಟಲಿ ಬಾಯಿಗೆ ಹೋಗಲಿಲ್ಲ. ಸ್ವಲ್ಪ ಮುಂದಕ್ಕೆ ಬಾಗಿ, ಕಾರು ಓಡಿಸುತ್ತಿದ್ದ ನನ್ನ ಗಂಡನನ್ನು ಮೆಲ್ಲಗೆ ಕೇಳಿದಳು:

"ಅಳಿಯಂದಿರೇ, ಮನೆಗೆ ಎಷ್ಟು ಹೊತ್ತಾಗುತ್ತೆ?"