ಬಾವಿಯೊಳಗಿನ ಬಳೆ

"ಈ ಇಂಜಿನ್ನಿನ ಹೆಡ್ಡ ಇನ್ನ ಯಾರ ಕೂಡಸ್ತಾರ?"

ಪ್ರಭುಲಿಂಗಪ್ಪನವರು ಯಾರನ್ನೂ ಕೇಳಲಿಲ್ಲ. ಜಂಗ್ಲಿಸಾಬನ ಅಂಗಡಿಯ ಬಾಗಿಲಲ್ಲಿ ನಿಂತು, ಬಿಚ್ಚಿ ಹರವಿದ ತಮ್ಮ ಮೋಟಾರ್ ಸೈಕಲ್ಲನ್ನು ನೋಡುತ್ತ ಗಾಳಿಗೆ ಅಂದರು. ಪರದೆಯ ಆಚೆ ಹಿತ್ತಲಲ್ಲಿ ಗಂಡಸರು ಜಂಗ್ಲಿಸಾಬನ ಮಯ್ಯತ್ತಿಗೆ ಕೊನೆಯ ನೀರು ಹಾಕುತ್ತಿದ್ದರು. ಅಡುಗೆಮನೆಯಲ್ಲಿ ಕೂತಿದ್ದ ಮಗಳು ಸಾಬೀರಾಳಿಗೆ ಆ ಮಾತು ಕೇಳಿಸಿತು. ಪ್ರಭುಲಿಂಗಪ್ಪನವರು ಗಜೇಂದ್ರಗಡದ ಪೇಟೆಯಲ್ಲಿ ಮೂರು ಅರಳೆ ಅಂಗಡಿಯ ಧಣಿ. ಗಾಡಿ ಮಾತ್ರ ಯುದ್ಧ ಮುಗಿದಾಗ ದಂಡಿನವರು ಹರಾಜಿಗೆ ಹಾಕಿದ ಮುದಿಗಾಡಿ. ಹೆಣ ಇನ್ನೂ ಒದ್ದೆಯಿರುವಾಗಲೇ ಅದರ ಚಿಂತೆ!

ಪಕ್ಕದ ಮನೆಯ ಬೀಬಿಜಾನ ಮೂಗು ಒರೆಸಿಕೊಂಡಳು. "ಎಂಥಾ ಕೈ ಇತ್ತವಾ ನಿಮ್ಮಪ್ಪಂದು! ವಾಲ್ ಸೀಟ ಕೂಡಿಸಿದ್ರ ಹೂವ ಇಟ್ಟಂಗ. ಅಂಥಾ ಕೈ ಇನ್ನ ಬರೂದಿಲ್ಲ."

ಸಾಬೀರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆಂದು ಬೀಬಿಜಾನ ಬೆನ್ನು ಸವರಿದಳು. ಸಾಬೀರಾ ನಗು ತಡೆಯುತ್ತಿದ್ದಳು. ಆ ಕೈಗೆ ಐದು ವರ್ಷದಿಂದ ಚಹಾದ ಬಸಿ ಹಿಡಿಯಲು ಸಹ ಬರುತ್ತಿರಲಿಲ್ಲ.

*

ಇಂಜಿನ್ನಿನ ಹೆಡ್ಡಿನೊಳಗೆ ವಾಲ್ವ್ ಮುಚ್ಚಿದಾಗ ಕೂರುವ ಉಕ್ಕಿನ ಬಳೆಯೇ ವಾಲ್ ಸೀಟು. ಅದು ಸವೆದರೆ ಗಾಡಿ ಕೆಮ್ಮುತ್ತದೆ, ಏರು ಹತ್ತುವುದಿಲ್ಲ. ಹೊಸ ಬಳೆಯನ್ನು ಹೆಡ್ಡಿನ ಗುಳಿಗಿಂತ ಕೂದಲೆಳೆಯಷ್ಟು ದೊಡ್ಡದು ಮಾಡಿಸಬೇಕು, ಬಡಿದು ಕೂಡಿಸುವಂತಿಲ್ಲ. ತಂಪಿಗೆ ಕುಗ್ಗಲೆಂದು ಜಂಗ್ಲಿಸಾಬ ಅದನ್ನು ಗಡಿಗೆಯಲ್ಲಿಟ್ಟು ಹಿತ್ತಲ ಬಾವಿಯ ತಳಕ್ಕೆ ಬಿಡುತ್ತಿದ್ದ. ಗುಳಿ ಹಿಗ್ಗಲೆಂದು ಹೆಡ್ಡನ್ನು ಮಣ್ಣಿನ ಭಟ್ಟಿಯಲ್ಲಿ ಕಾಯಿಸುತ್ತಿದ್ದ. ಎಷ್ಟು ಹೊತ್ತು ಎಂಬುದಕ್ಕೆ ಗಡಿಯಾರವಿರಲಿಲ್ಲ. ಮೊಹರಮ್ಮಿನ ರಿವಾಯತ್ ಪದ ಒಂದನ್ನು ಹನ್ನೊಂದು ನುಡಿ ಬಿಡದೆ ಹಾಡಬೇಕು. ಅವಸರದವನ ಗಾಡಿಯೆಂದು ಒಂದು ನುಡಿಯನ್ನೂ ಅವನು ಹಾರಿಸಿದವನಲ್ಲ. ಕೊನೆಯ ನುಡಿ ಮುಗಿಯುತ್ತಲೇ ಹೆಡ್ಡು ಹೊರಗೆ, ತಣ್ಣನೆಯ ಬಳೆ ಒಳಗೆ. ಒಂದು ಉಸಿರಿನ ಕೆಲಸ. ಸೊಟ್ಟಾದರೆ ಮುಗಿಯಿತು.

ಐದು ವರ್ಷದ ಹಿಂದೆ, ಐವತ್ತೊಂದನೆಯ ಇಸವಿಯಲ್ಲಿ, ಅವನ ಕೈ ನಡುಗಿ ಮೊದಲ ಸಲ ಬಳೆ ಸೊಟ್ಟಾಯಿತು. ಭಟ್ಟಿಯ ಮುಂದೆ ಕುಸಿದು ಕೂತ. ಗಂಡ ಸತ್ತು ತವರಿಗೆ ಬಂದಿದ್ದ ಸಾಬೀರಾ ಇಕ್ಕಳ ಕಸಿದುಕೊಂಡಳು.

"ಇದನ್ನ ತಗದ ಬ್ಯಾರೇದ ಬಾವ್ಯಾಗ ಬಿಡೂಣು. ನೀ ಹಾಡು, ನಾ ಇಡ್ತೀನಿ."

ಮರುದಿನ ಬಳೆ ಟಕ್ಕನೆ ಕೂತಿತು. ಹೊರಗೆ ಗಿರಾಕಿ ಗಾಡಿ ಚಾಲೂ ಮಾಡಿ, "ಭಲೇ ಜಂಗ್ಲಿಸಾಬ!" ಅಂದ. ಪರದೆಯ ಹಿಂದೆ ಸಾಬೀರಾ ಕಿವಿಗೊಟ್ಟು ನಿಂತಳು.

"ಅಲ್ಲಾನ ದಯಾ ರೀ," ಅಂದ ಅಪ್ಪ. ಅಷ್ಟೇ.

ಆಮೇಲೆ ಪರದೆ ಸರಿಸಿ ಒಳಬಂದು, "ಚಲೋ ಕೂತೈತವಾ," ಎಂದು ಮೆಲ್ಲಗೆ ಹೇಳಿದ. ಐದು ವರ್ಷ ಹೀಗೆಯೇ ನಡೆಯಿತು. ಪರದೆಯ ಈಚೆ ಪ್ರತಿ ಸಲ ಹೇಳಿದ. ಆಚೆ ಒಂದು ಸಲವೂ ಇಲ್ಲ. ಹೇಡಿ, ಎಂದು ಅವಳು ಮನಸ್ಸಿನಲ್ಲೇ ಅನ್ನುತ್ತಿದ್ದಳು. ಅಂದರೂ ಮತ್ತೆ ಇಕ್ಕಳ ಹಿಡಿಯುತ್ತಿದ್ದಳು.

*

ಗುಡ್ಡದ ಬುಡದ ಖಬರಸ್ತಾನದಿಂದ ಗಂಡಸರು ಕೈಮಣ್ಣು ತೊಳೆದುಕೊಂಡು ಬಂದರು. ಪ್ರಭುಲಿಂಗಪ್ಪನವರು ಅಂಗಡಿ ಬಿಟ್ಟು ಕದಲಿರಲಿಲ್ಲ.

"ನಾಡಿದ್ದ ರೋಣಕ್ಕ ಹೋಗಬೇಕಪಾ. ಬೀಗರ ಮುಂದ ಬಂಡಿಯಾಗಿಂದ ಇಳೀಲೇನ ನಾ?"

"ನಾ ಅದೀನಲ್ರಿ, ಧಣೇರ," ಅಂದ ಮೈನುದ್ದೀನ. ಜಂಗ್ಲಿಸಾಬನ ಅಕ್ಕನ ಮಗ, ನರಗುಂದದಲ್ಲಿ ಅಂಗಡಿ ಇಟ್ಟವ. ತಣ್ಣನೆಯ ಹೆಡ್ಡಿಗೆ ಸುತ್ತಿಗೆಯಿಂದ ಬಡಿದು ಕೂಡಿಸುವುದು ಅವನ ವಿದ್ಯೆ. ಅವನು ಕೂಡಿಸಿದ ಬಳೆ ಅಬ್ಬಿಗೇರಿ ದಾಟುವುದರೊಳಗೆ ಉದುರುತ್ತಿತ್ತು. "ಮಾವನ ಕೈಗುಣ ಪೂರಾ ನನಗ ಬಂದೈತ್ರಿ."

ಹಾಗೆಂದವನು ನೆಟ್ಟಗೆ ಹಿತ್ತಲಿಗೆ ಬಂದ. ಸಾಬೀರಾ ಬಾವಿಯಿಂದ ಹಗ್ಗ ಜಗ್ಗುತ್ತಿದ್ದಳು. ನಿನ್ನೆ ಮುಂಜಾನೆ ಅಪ್ಪ ಇಳಿಬಿಟ್ಟಿದ್ದ ಗಡಿಗೆ ಮೇಲೆ ಬಂತು. ಬಳೆ ತೆಗೆದು ಮೈನುದ್ದೀನನ ಅಂಗೈಗೆ ಹಾಕಿದಳು.

"ತಗೊ. ಧಣೇರದು."

ಅವನು ಹಿಂದೆ ತಿರುಗಿ ನೋಡಿ ದನಿ ಇಳಿಸಿದ. "ಸಾಬೀರಾ, ಗ್ವಾಡಿ ಮ್ಯಾಲಿಂದ ನಾ ಒಮ್ಮೆ ನೋಡೀನಿ. ಕೂಡಸಾಕಿ ನೀನ. ಮಾವ ಹ್ಯಾಂಗ ನಡಸ್ತಿದ್ನೋ ಹಂಗ ನಡಸೂಣು. ಒಳಗ ನೀ ಇಡು, ಹೊರಗ ನಾ ಮಾಡ್ದೆ ಅಂತೀನಿ. ಮನಿ ಹೆಸರ ಉಳೀತೈತಿ."

"ಪದ ಬರ್ತೈತೇನ ನಿನಗ?"

"ಯಾವ ಪದ?"

ಸಾಬೀರಾ ಅವನನ್ನು ಟೊಪ್ಪಿಗೆಯಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿದಳು. ಭಟ್ಟಿಯ ಬಾಯಿಗೆ ಹೆಂಚು ಮುಚ್ಚಿದಳು.

"ಏನಾತಪಾ, ಲಗೂ ಆಗ್ತೈತೋ ಇಲ್ಲೋ?" ಅಂಗಡಿಯಿಂದ ಪ್ರಭುಲಿಂಗಪ್ಪನವರ ದನಿ.

ಮೈನುದ್ದೀನ ಕೈ ಚಾಚಿಯೇ ನಿಂತಿದ್ದ. ಬಾವಿಯ ನೀರು ಬಳೆಯ ಮೇಲಿಂದ ಆರಿಹೋಗಿತ್ತು. ಬಿಸಿಲಿಗೆ ಅದು ಅವನ ಅಂಗೈಯಲ್ಲಿ ಬೆಚ್ಚಗಾಗುತ್ತಿತ್ತು.

"ಅಪ್ಪಗ ಮಾಡಿದ್ದೆ," ಅಂದಳು ಸಾಬೀರಾ. "ನಿನಗ ಮಾಡೂದಿಲ್ಲ."