ನಾಲ್ಕು ನಟ್ಟುಗಳ ಬಿಗಿ

ಮೂಗಿನ ತುದಿಯಲ್ಲೇ ಕೋಪ ಇರುವವರಿಗೆ ಒಂದು ಅನುಕೂಲವಿದೆ. ತಪ್ಪು ಯಾರದೆಂದು ಹುಡುಕುತ್ತ ಕೂರಬೇಕಾಗಿಲ್ಲ, ಕಣ್ಣೆದುರು ಸಿಕ್ಕವರದೇ ತಪ್ಪು. ಗ್ಯಾರೇಜಿನ ಅಕ್ಕನದೂ ಅದೇ ಜಾಯಮಾನ. ಇಂಜಿನ್ನಿನ ಮೇಲ್ಮುಚ್ಚಳದ, ಅಂದರೆ ಹೆಡ್ಡಿನ, ಸಂದಿನಿಂದ ಎಣ್ಣೆ ಸೋರಿ, ಹಿಂದಿನ ಚಕ್ರ ಜಾರಿ, ಅವಳ ತಮ್ಮ ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದ. ಆ ಇಂಜಿನ್ನನ್ನು ಇಪ್ಪತ್ತು ದಿನದ ಹಿಂದೆ ಬಿಚ್ಚಿ ಕಟ್ಟಿದ್ದು ಅವಳು ಮತ್ತು ಸೋದರಮಾವ. ಅವಳೋ ಕಂಪನಿಯ ರಿಪೇರಿ ಪುಸ್ತಕ ನೋಡದೆ ಒಂದು ನಟ್ಟನ್ನೂ ಮುಟ್ಟದವಳು. ಅಂದಮೇಲೆ ತಪ್ಪು ಮಾವನದೇ.

ಸ್ಪ್ಯಾನರ್ ಹಿಡಿಯಲು ಕಲಿಸಿದವರೇ ಆ ಮಾವ. ಆದರೆ ನಟ್ಟು ಬಿಗಿದು ಮುಗಿದ ಮೇಲೂ "ಇರಲಿ, ಇನ್ನೊಂಚೂರು" ಎಂದು ಕೈ ಒತ್ತುವುದು ಅವರ ಚಾಳಿ. ಗಿರಾಕಿಗಳಿಗೆಲ್ಲ ಅವರು ಇನ್ನೊಂಚೂರು ಮಾವ. ಅಲ್ಯೂಮಿನಿಯಂ ಇಂಜಿನ್ನಿಗೆ ಆ ಪ್ರೀತಿ ತಡೆಯುವುದಿಲ್ಲ, ಥ್ರೆಡ್ಡು ಕಿತ್ತು ಬರುತ್ತದೆ. ಈ ಕಾಟ ತಪ್ಪಲೆಂದೇ ಅವಳು ಮೂರು ತಿಂಗಳ ಹಿಂದೆ ಹೊಸ ಟಾರ್ಕ್ ರೆಂಚ್ ತಂದಿದ್ದಳು. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ತಿರುಗಿಸಿಟ್ಟರೆ, ಅಲ್ಲಿಗೆ ಬಂದಾಗ ಅದು 'ಟಕ್' ಎನ್ನುತ್ತದೆ.

ನಿನ್ನೆ ಬೈಕು ಟೆಂಪೋದಲ್ಲಿ ಬಂದಿಳಿಯಿತು. ಹೆಡ್ಡಿನ ನಾಲ್ಕು ನಟ್ಟುಗಳಲ್ಲಿ ಒಂದು ಬರೀ ಬೆರಳಿಗೇ ಗಿರಗಿರ ತಿರುಗಿತು; ಅತಿ ಬಿಗಿಗೆ ಥ್ರೆಡ್ಡು ಕಿತ್ತುಹೋಗಿತ್ತು. ಅವಳ ನೆತ್ತಿ ಕಾದುಹೋಯಿತು.

"ನಾನು ಊಟಕ್ಕೆ ಹೋದಾಗ ಮತ್ತೆ ಕೈ ಹಾಕಿದ್ರಿ ಅಲ್ವಾ?"

"ಇಲ್ಲ ಕಣೇ. ನಾನು ಮುಟ್ಟೇ ಇಲ್ಲ."

"ಸುಳ್ಳು ಬೇರೆ! ನನ್ನ ತಮ್ಮನ್ನ ಕೊಲ್ತಿದ್ರಲ್ಲ. ಇನ್ಮೇಲೆ ಈ ಗ್ಯಾರೇಜಲ್ಲಿ ಒಂದು ಸ್ಪ್ಯಾನರ್ ಮುಟ್ಟಬೇಡಿ."

ನಾಲ್ಕು ಜನ ಗಿರಾಕಿಗಳು ನಿಂತು ಕೇಳುತ್ತಿದ್ದರು. ಮಾವ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದರು.

ಮನೆಯಲ್ಲಿ ಅಮ್ಮ ಮಾತು ಬಿಟ್ಟಳು. ತಮ್ಮನೂ "ಮಾವ ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ ಅಕ್ಕ" ಎಂದ. ಸರಿ, ಇವರಿಗೆಲ್ಲ ಸಾಕ್ಷಿ ಬೇಕು ತಾನೆ? ಬೆಳಿಗ್ಗೆ ಪಕ್ಕದ ಲೇತ್‌ ಅಂಗಡಿಯವನಿಂದ ಅಂಕಿ ತೋರಿಸುವ ಡಿಜಿಟಲ್ ರೆಂಚ್ ತಂದಳು.

"ಏನಕ್ಕ, ಮಾವನ ಮೇಲೆ ಕೇಸ್ ಹಾಕ್ತೀರಾ?" ಎಂದು ಅವನು ನಕ್ಕ.

"ಹಾಕ್ತೀನಿ. ನೀನೇ ಸಾಕ್ಷಿಗೆ ಬಾ."

ಬಿಗಿದಾಗಿನ ಟಾರ್ಕ್ ಎಷ್ಟಿತ್ತೆಂದು ತಿಳಿಯಲು ಒಂದು ಉಪಾಯವಿದೆ. ನಟ್ಟಿಗೂ ಹೆಡ್ಡಿಗೂ ಸೇರಿಸಿ ಬಣ್ಣದ ಗೆರೆ ಎಳೆದು, ಕಾಲು ಸುತ್ತು ಸಡಿಲಿಸಿ, ಗೆರೆ ಕೂಡುವವರೆಗೆ ಮತ್ತೆ ಬಿಗಿಯಬೇಕು. ಆಗ ಕಾಣುವ ಅಂಕಿಯೇ ಹೆಚ್ಚುಕಡಿಮೆ ಹಳೆಯ ಬಿಗಿ. ಪುಸ್ತಕದ ಪ್ರಕಾರ ಅದು ಇಪ್ಪತ್ತೆರಡು ನ್ಯೂಟನ್ ಮೀಟರ್ ಇರಬೇಕು.

ಮೊದಲ ನಟ್ಟು ಮೂವತ್ತು ತೋರಿಸಿತು. "ನೋಡಿದ್ಯಾ!" ಎಂದು ಅವಳು ಖಾಲಿ ಗ್ಯಾರೇಜಿಗೆ ಹೇಳಿದಳು. ಎರಡನೆಯದೂ ಮೂವತ್ತು. ಮೂರನೆಯದೂ ಮೂವತ್ತೇ ಬಂದಾಗ ಅವಳು ಬಗ್ಗಿ ಅಂಕಿಯನ್ನು ಇನ್ನೊಮ್ಮೆ ಓದಿದಳು.

ಮಾವ ಕೈ ಒತ್ತಿದ್ದರೆ ಒಂದು ಇಪ್ಪತ್ತಾರು ಇರುತ್ತಿತ್ತು, ಇನ್ನೊಂದು ಮೂವತ್ತನಾಲ್ಕು. ಮೂರಕ್ಕೆ ಮೂರೂ ಒಂದೇ ಬಿಗಿ ಬರಬೇಕಾದರೆ ಅದು ಯಂತ್ರದ ಕೆಲಸ. ಅಂಥ ಯಂತ್ರ ಇಲ್ಲಿ ಇದ್ದುದು ಒಂದೇ, ಅದನ್ನು ಹಿಡಿಯುತ್ತಿದ್ದವಳೂ ಒಬ್ಬಳೇ.

ತನ್ನ ರೆಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿಕೆಯ ಮೇಲೆ ಎರಡು ಸಾಲು ಅಂಕಿಗಳಿದ್ದವು, ಒಂದು ನ್ಯೂಟನ್ ಮೀಟರಿನದು, ಇನ್ನೊಂದು ಫುಟ್ ಪೌಂಡಿನದು. ಅವಳು ದಿನವೂ ನೋಡುತ್ತಿದ್ದುದು ಫುಟ್ ಪೌಂಡಿನ ಸಾಲು. ಆ ಇಪ್ಪತ್ತೆರಡು ಎಂದರೆ ಪುಸ್ತಕದ ಲೆಕ್ಕದಲ್ಲಿ ಮೂವತ್ತು. ಆಗ ನೆನಪಾಯಿತು: ಅವತ್ತು ಇಂಜಿನ್ ಅಲುಗದಂತೆ ಹಿಡಿದುಕೊಂಡಿದ್ದ ಮಾವ, "ಸಾಕು ಕಣೇ, ಜಾಸ್ತಿ ಆಗ್ತಿದೆ" ಎಂದಿದ್ದರು. ಹುಟ್ಟಿದಾರಭ್ಯ ಸಾಕು ಎನ್ನದ ಮನುಷ್ಯ! "ನಿಮ್ಮ ಕೈಗೇನು ಗೊತ್ತು, ಸುಮ್ನಿರಿ" ಎಂದು ಇವಳು ಬಾಯಿ ಮುಚ್ಚಿಸಿದ್ದಳು.

ಹಲ್ಲು ಕಡಿದು ರೆಂಚನ್ನು ಮೂಲೆಗೆ ಬಿಸಾಡಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಅಂಕಿ ಬರೆದವನ ಮೇಲೆ, ಕಿಟಕಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ತನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೆ ಸಿಟ್ಟಿನಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಮಾವ ತಮ್ಮ ಮನೆಯ ಜಗಲಿಯಲ್ಲಿ ಮುರಿದ ಸ್ಟೂಲಿನ ಕಾಲು ಜೋಡಿಸುತ್ತಿದ್ದರು. ಅವಳು ನಿಂತಲ್ಲೇ ಎಲ್ಲವನ್ನೂ ಒದರಿದಳು.

"ತಪ್ಪು ನಂದು ಮಾವ. ಗಿರಾಕಿಗಳ ಎದುರೇ ಹೇಳ್ತೀನಿ. ಬೇಕಾದ್ರೆ ಕಾಲಿಗೂ ಬೀಳ್ತೀನಿ."

ಮಾವ ಸುತ್ತಿಗೆ ಕೆಳಗಿಟ್ಟರು. ಅವರ ಮುಖದಲ್ಲಿ ಇಷ್ಟು ಕೋಪವನ್ನು ಅವಳು ಎಂದೂ ಕಂಡಿರಲಿಲ್ಲ.

"ನನ್ನ ಕಾಲು ಹಾಳಾಗಿ ಹೋಗ್ಲಿ. ಆ ರೆಂಚಲ್ಲಿ ಇನ್ನೆಷ್ಟು ಗಾಡಿ ಬಿಗಿದಿದ್ದೀಯ?"

ಬೆಳಗಿನಿಂದ ಮಾನ ಅವಮಾನದ ಲೆಕ್ಕದಲ್ಲೇ ಮುಳುಗಿದ್ದವಳಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಬೆರಳು ಮಡಿಸಿದಳು. ಹತ್ತೂ ಬೆರಳು ಮುಗಿದವು.

"ಹನ್ನೊಂದು" ಎಂದಳು. "ಒಂದು ಆ ಟೀಚರ್‌ದು. ಇಬ್ಬರು ಮಕ್ಕಳನ್ನ ಕೂರಿಸ್ಕೊಂಡು ಹೋಗ್ತಾರಲ್ಲ, ಅವರದು."

ಅವಳಿಗೆ ಅಳು ಒತ್ತಿಕೊಂಡು ಬಂತು. ಮಾವ ಆಗಲೇ ಚಪ್ಪಲಿ ಮೆಟ್ಟಿದ್ದರು.

"ಅಳೋದು ಆಮೇಲೆ. ಫೋನ್ ತೆಗಿ," ಎಂದು ಗದರಿದರು. "ಮೊದಲು ಆ ಮಕ್ಕಳ ಗಾಡಿ."