ಮೇಲಿನ ಕುರ್ಚಿ

ರಾಯ್ಸ್ ಹ್ಯಾಡ್ಲಿ ನಮ್ಮ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾದದ್ದು ಹೇಗೆಂದು ಪತ್ರಿಕೆಗಳು ಬರೆದಿವೆ. ಶ್ರಮವಂತೆ, ಶ್ರದ್ಧೆಯಂತೆ, ದೇವರ ದಯೆಯಂತೆ. ನನ್ನ ಅಮ್ಮ ಕರಿದ ಮೀನಿನ ಸುದ್ದಿ ಯಾರೂ ಎತ್ತಿಲ್ಲ.

ಮೊದಲು ಅವನು ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಸರ್ಕಾರಿ ವಕೀಲ. ನನ್ನ ತಮ್ಮ ಡೆಲ್ಬರ್ಟ್‌ನನ್ನು ಕೊಲೆ ಕೇಸಿನಲ್ಲಿ ಜೀವಾವಧಿಗೆ ಕಳಿಸಿದವನೂ ಅವನೇ. ಇದ್ದ ಸಾಕ್ಷಿ ಒಬ್ಬನೇ. ಮುಂದೊಂದು ದಿನ ಆ ಸಾಕ್ಷಿ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, ತಾನು ಹೇಳಿದ್ದು ಸುಳ್ಳೆಂದು ಗೊಳೋ ಎಂದು ಅತ್ತ. ಅಮ್ಮ ಮರುದಿನವೇ ಹ್ಯಾಡ್ಲಿಯ ಕಚೇರಿಗೆ ಓಡಿದಳು.

“ನಾನು ನಂಬ್ತೀನಿ ಲುವೀನಿಯಮ್ಮ,” ಎಂದ. “ಆದ್ರೆ ಈ ಕುರ್ಚೀಲಿ ಕೂತು ಏನೂ ಮಾಡಕ್ಕಾಗಲ್ಲ. ಚುನಾವಣೆ ಬರ್ತಿದೆ. ನನ್ನ ಜಡ್ಜ್ ಮಾಡಿ, ಆಮೇಲೆ ನೋಡಿ!”

ನಮ್ಮಲ್ಲಿ ಜಡ್ಜ್‌ಗಳೂ ವೋಟು ಕೇಳಿಯೇ ಗೆಲ್ಲಬೇಕು. ಅಮ್ಮ ಅಂಗಳದಲ್ಲಿ ಅವನ ಹೆಸರಿನ ಫಲಕ ನೆಟ್ಟಳು. ಚರ್ಚಿನ ಹೆಂಗಸರನ್ನೆಲ್ಲ ಕೂಡಿಸಿ, ಜೋಳದ ಹಿಟ್ಟಿನಲ್ಲಿ ಹೊರಳಿಸಿದ ಕ್ಯಾಟ್‌ಫಿಶ್ ಕರಿದು ಅವನ ಸಭೆಗಳಿಗೆ ಬಡಿಸಿದಳು. ಅವನೋ ಬೆರಳು ನೆಕ್ಕುತ್ತಲೇ ಗೆದ್ದ.

ಗೆದ್ದ ಮೇಲೆ ರಾಗ ಬದಲಾಯಿತು. “ಇದು ಕೆಳಗಿನ ಕೋರ್ಟು, ಅಮ್ಮಾ. ಮೇಲಕ್ಕೆ ಹೋದ್ರೆ ನೋಡಬಹುದು.”

“ಟೋಪಿ ಹಾಕ್ತಿದಾನೆ ಕಣಮ್ಮ ಅವ್ನು,” ಎಂದೆ.

“ಬಾಯ್ಮುಚ್ಚೇ. ಅಷ್ಟು ದೊಡ್ಡ ಮನುಷ್ಯ ಸುಳ್ಳು ಹೇಳ್ತಾನಾ?”

ಮತ್ತೆ ಬಾಣಲೆ ಒಲೆಗೇರಿತು, ಅವನು ನಮ್ಮ ರಾಜ್ಯದ್ದೇ ಆದ ಸುಪ್ರೀಂ ಕೋರ್ಟಿಗೇರಿದ. ಅಲ್ಲಿ ಯಾರನ್ನೂ ಎದುರು ಹಾಕಿಕೊಳ್ಳದೆ, ಎಲ್ಲರಿಗೂ ಬೆಣ್ಣೆ ಹಚ್ಚಿ, ತನ್ನನ್ನೂ ಸೇರಿಸಿ ಏಳು ಮಂದಿಯಿದ್ದ ಜಡ್ಜ್‌ಗಳಿಗೆ ಯಜಮಾನನಾದ. ಬೆನ್ನುಮೂಳೆಯೇ ಇಲ್ಲದವನಿಗೆ ಬಾಗುವುದೇನು ಕಷ್ಟ!

ಅದೇ ವರ್ಷ ಡೆಲ್ಬರ್ಟ್‌ನ ಅಪೀಲು ಅಲ್ಲಿಗೆ ಮುಟ್ಟಿತು. ಅಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು. ಕೇಸಿನ ಹೆಸರು ಕೂಗಿದೊಡನೆ ಹ್ಯಾಡ್ಲಿ ಎದ್ದು ನಿಂತ.

“ಈ ಕೇಸು ನಡೆಸಿದ ಸರ್ಕಾರಿ ವಕೀಲ ನಾನೇ. ಹಾಗಾಗಿ ಇಲ್ಲಿ ಕೂರೋ ಹಾಗಿಲ್ಲ,” ಎಂದು ಒಳಗೆ ನಡೆದುಬಿಟ್ಟ.

ಉಳಿದ ಆರರಲ್ಲಿ ಮೂವರು ಬಿಡುಗಡೆ ಎಂದರು, ಮೂವರು ಬೇಡ ಎಂದರು. ಸಮ ಬಿದ್ದರೆ ಹಳೆಯ ಶಿಕ್ಷೆಯೇ ಕಾಯಂ.

ತೀರ್ಪು ಬಂದ ದಿನ ಅಮ್ಮ ಅವನ ಕಾರಿಗೆ ಅಡ್ಡ ನಿಂತಳು.

“ಸಾರ್, ನೀವು ಸರ್ಕಾರಿ ವಕೀಲರಾಗಿದ್ದಾಗ್ಲೇ ಇದನ್ನ ಸರಿಮಾಡಬಹುದಿತ್ತಾ?”

ಕಾನೂನು ಹೇಳಿಕೊಡುವ ಅವಕಾಶ ಸಿಕ್ಕಿದ್ದಕ್ಕೆ ಅವನ ಮುಖ ಅರಳಿತು. “ಆಗ ಸುಲಭ ಇತ್ತು ಅಮ್ಮಾ. ಸಾಕ್ಷಿ ಸುಳ್ಳು ಅಂತ ನಾನೇ ಕೋರ್ಟಿಗೆ ಹೋಗಿ ಹೇಳಿದ್ರೆ ಅರ್ಧ ಕೆಲಸ ಮುಗೀತಿತ್ತು. ಈಗ ನೋಡಿ, ಕೈ ಕಟ್ಟಿಹಾಕಿದಾರೆ.”



“ಆ ಕುರ್ಚಿಯಿಂದ ನಿಮ್ಮನ್ನ ಎಬ್ಬಿಸಿದ್ದು ನಾನೇ,” ಎಂದಳು.

ಆ ದರಿದ್ರದವನು ಅದನ್ನು ಹೊಗಳಿಕೆ ಎಂದುಕೊಂಡ. “ಖಂಡಿತ,” ಎಂದು ಅವಳ ಭುಜ ತಟ್ಟಿದ, “ನಿಮ್ಮ ಉಪಕಾರ ಮರೆಯಲ್ಲ.”